ಅಡೇನಿಯಂ ಸಸಿ ಎರಡೆಲಿಗೇ ಕೊಳೀಲಿಕತ್ತಾವು, ಏನ್ ಮಾಡಬೇಕ್ರಿ?

ಪ್ರಶ್ನೆ (ವಿಜಯಪುರ):
ಅಡೇನಿಯಂ (ದಪ್ಪ ಬುಡದ ಹೂವಿನ ಗಿಡ) ಬೀಜ 40 ಹಾಕಿದ್ದೆ, 5ನೇ ದಿನಕ್ಕ 31 ಮೊಳೆತವು. ಎರಡೆಲಿ ಬಿಚ್ಚೂದರಾಗ ಬುಡ ಮೆತ್ತಗಾಗಿ 20 ಮಲಗಿಬಿಟ್ಟಾವು. ಎರಿಮಣ್ಣು, ಸಗಣಿ ಗೊಬ್ಬರ ಅರ್ಧರ್ಧ. ದಿನಾ ಸಂಜಿಮುಂದ ನೀರು. ಬೀಜ ಮೂರು ಸುತ್ತಿನ ಎಸಳಿನ ಕಡುಗೆಂಪು ಗಿಡದ್ದು. ಉಳಿದವು ಅದೇ ಹೂವು ಬಿಡ್ತಾವೇನ್ರಿ?

ಉತ್ತರ 1 (ಬಾಗಲಕೋಟೆ):
ಬೀಜ ಚಲೋ ಅದಾವ್ರಿ, ಕೆಡಿಸಿದ್ದು ಮಣ್ಣು. ಎರಿಮಣ್ಣು ನೀರು ಹಿಡಕೊಂಡು ಕೂಡತೈತಿ, ಬೇರಿಗೆ ಗಾಳಿ ಹೋಗಂಗಿಲ್ಲ. ಸಂಜಿ ನೀರು ರಾತ್ರಿಯೆಲ್ಲಾ ಆರಂಗಿಲ್ಲ, ಬುಡಕೊಳೆ ರೋಗಕ್ಕ ಅಷ್ಟೇ ಸಾಕು. ದಪ್ಪ ಉಸುಕು 2 ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) 2 ಪಾಲು, ಜ್ವಾಳದ ಕಾಳಿನಷ್ಟು ಇಟ್ಟಂಗಿ ಚೂರು 1 ಪಾಲು ಕಲಸ್ರಿ. ಕೋಕೋಪೀಟನ್ನ ಎರಡು ಮೂರು ಸಲ ತೊಳೀಬೇಕು, ಇಲ್ಲಂದ್ರ ಅದರಾಗಿನ ಉಪ್ಪು ಎಲಿ ತುದಿ ಸುಡತೈತಿ. ನಾಲ್ಕು ಎಲಿ ಬರೂತನಕ ಗೊಬ್ಬರ ಬ್ಯಾಡ. ಬೀಜ ಅಡ್ಡ ಮಲಗಿಸಿ, ಮ್ಯಾಲೆ 3 ಮಿಲಿಮೀಟರ್ ಉಸುಕು ಅಷ್ಟೇ.

ಉಳಿದ 11ರ ಬುಡ ಒಂದೊಂದಾಗಿ ಎರಡು ಬೆರಳಾಗ ಮೆಲ್ಲಕ ಒತ್ತಿ ನೋಡ್ರಿ. ಗಟ್ಟಿ ಇದ್ದದ್ದನ್ನ ಇವತ್ತೇ ಹೊಸ ಮಿಶ್ರಣಕ್ಕ ಹಚ್ಚಿ, ಎರಡು ದಿನ ನೀರು ಹಾಕಬ್ಯಾಡ್ರಿ. ಮೆತ್ತಗಾದದ್ದನ್ನ ತಗದು ದೂರ ಒಗೀರಿ. ಆಮ್ಯಾಲೆ ಬೂಸ್ಟು ಕೊಲ್ಲೂ ಔಷಧ ಕಾರ್ಬೆಂಡಜಿಮ್ ಲೀಟರಿಗೆ 1 ಗ್ರಾಂ ಬುಡಕ್ಕ ಹಾಕ್ರಿ.

ಉತ್ತರ 2 (ಬೆಳಗಾವಿ):
ಮಿಶ್ರಣ ಬರೋಬ್ಬರಿ ಹೇಳಿದ್ರಿ ಅಣ್ಣಾರ, ಔಷಧದ ಮಾತು ಮಾತ್ರ ತಿದ್ದಬೇಕು. ಸಸಿ ಬುಡ ಕೊಳೆಸೂದರಾಗ ಬಹಳ ಸಲ ಪಿಥಿಯಂ ಅನ್ನೂ ಬೂಸ್ಟಿನಂಥಾ ರೋಗಾಣು ಇರತೈತಿ, ಅದಕ್ಕ ಕಾರ್ಬೆಂಡಜಿಮ್ ನಾಟಂಗಿಲ್ಲ. ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಕೂಡಿದ್ದು ಲೀಟರಿಗೆ 2 ಗ್ರಾಂ ಕಲಸಿ ಬುಡಕ್ಕ ಹಾಕ್ರಿ, ಕೈಗವಸು ಮರೀಬ್ಯಾಡ್ರಿ.

ಹೂವಿನ ಮಾತು: ಬೀಜದ ಗಿಡ ತಾಯಿಯಂಗ ಬರೂದಿಲ್ಲ. ಮೂರು ಸುತ್ತಿನ ಗಿಡದ ಬೀಜದಾಗೂ ಒಂದು ಸುತ್ತಿನ ಐದೆಸಳಿನವೂ ಬರ್ತಾವು. ಹಂಗಂತ ಸಸಿ ಕಿತ್ತು ಒಗೀಬ್ಯಾಡ್ರಿ, ದಪ್ಪನ್ನ ಗಡ್ಡಿ ಬುಡ ಚಂದಾಗಿ ಬರೂದು ಬೀಜದ ಗಿಡಕ್ಕೇ. ಟೊಂಗಿ ಹಚ್ಚಿದ್ದಕ್ಕ ಆ ಅಂದ ಬರಂಗಿಲ್ಲ. ಕಾಂಡ ಪೆನ್ಸಿಲ್ ದಪ್ಪ ಆದಾಗ ಬೇಕಾದ ಬಣ್ಣದ ಟೊಂಗಿ ಕಸಿ ಕಟ್ರಿ. ಗಿಡ ಕೊಯ್ದಾಗ ಸೋರೋ ಹಾಲು ವಿಷ, ಕಣ್ಣಿಗೆ ಬಾಯಿಗೆ ತಾಗಬಾರದು.

ಪ್ರಶ್ನೆ ಕೇಳಿದವರು:
ಗಿಡದಾಗ ಇನ್ನೊಂದು ಜೋಡಿ ಕಾಯಿ ಐತ್ರಿ, ಕೊಂಬಿನಂಗ. ಯಾವಾಗ ಹರೀಬೇಕು?

ಉತ್ತರ 1:
ಈಗ ಹರೀಬ್ಯಾಡ್ರಿ, ದಾರ ಸುತ್ತಿಡ್ರಿ. ಬೀಜದ ಎರಡೂ ತುದಿಗೆ ರೇಷ್ಮಿಯಂಥಾ ಜುಂಜು ಇರತೈತಿ, ಕಾಯಿ ತಾನಾಗೇ ಸೀಳಿದ್ರ ಗಾಳಿಗೆ ಹಾರಿಹೋಗತಾವು. ಸೀಳು ಕಂಡ ದಿನ ಬಿಡಿಸಿ, ಆ ವಾರದಾಗ ಹಾಕ್ರಿ. ಹಳೇವಾದಷ್ಟು ಮೊಳಕಿ ಕಮ್ಮಿ.