ಪದಚರ್ಚೆ: ಅಭಿಮಾನಿಗಳದು ಆಕ್ರೋಶವೋ, ಮುನಿಸೋ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಳಕೆಯ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ. ವರ್ಷಗಟ್ಟಲೆ ಪ್ರೀತಿಯಿಂದ ನೋಡಿಕೊಂಡು ಬಂದ ಚಿತ್ರಸರಣಿಯ ಕೊನೆಕೊನೆಯ ಭಾಗವೊಂದು ನಿರಾಸೆ ತಂದಾಗ ಅಭಿಮಾನಿಗಳ ಮನಸ್ಸಿನಲ್ಲಿ ಏಳುವ ಭಾವವನ್ನು ‘ಮುನಿಸು’ ಎಂದು ಕರೆಯಬಹುದೇ? ಕರೆಯಬಹುದು, ಕರೆಯಲೇಬೇಕು ಎಂಬುದು ನನ್ನ ವಾದ. ಆದರೆ ಎರಡು ಕಡೆ ಈ ಪದ ಎಡವುತ್ತದೆ. ಅಲ್ಲಿ ನಿಮ್ಮ ನೆರವು ಬೇಕು.

ಬಸವನಗುಡಿಯಲ್ಲಿ ನಾವು ಕೆಲವರು ಸೇರಿ ನಡೆಸುವ ಓದುಗರ ಗುಂಪು ಹ್ಯಾರಿ ಪಾಟರ್ ಸರಣಿಯ ಆರನೆಯ ಚಿತ್ರದ ಬಗ್ಗೆ ಸದಸ್ಯರ ಅನಿಸಿಕೆಗಳನ್ನು ಕಲೆಹಾಕಿ ಕನ್ನಡದಲ್ಲಿ ಒಂದು ಕಿರುಪುಸ್ತಿಕೆ ಹೊರತರುತ್ತಿದೆ. ಬರಹಗಳನ್ನು ತಿದ್ದುವ ಹೊಣೆ ನನ್ನದು. ಅದಕ್ಕೆ ಗೆಳೆಯರೊಬ್ಬರು ಸೂಚಿಸಿದ ತಲೆಬರಹ: ‘ಆರನೆಯ ಚಿತ್ರ: ಅಭಿಮಾನಿಗಳ ಆಕ್ರೋಶ’. ಬರಹಗಳನ್ನೆಲ್ಲ ಓದಿದ ಮೇಲೆ ಈ ತಲೆಬರಹವನ್ನು ಒಪ್ಪಲು ನನ್ನಿಂದ ಆಗುತ್ತಿಲ್ಲ. ರಸ್ತೆಗುಂಡಿಗೂ ಆಕ್ರೋಶ, ಕಾವೇರಿ ನೀರು ಬಾರದಿದ್ದರೂ ಆಕ್ರೋಶ, ಬಸ್ ದರ ಏರಿದರೂ ಆಕ್ರೋಶ. ನಮ್ಮ ಪತ್ರಿಕೆಗಳು ಎಲ್ಲಕ್ಕೂ ಈ ಒಂದೇ ಪದವನ್ನು ಬಳಸಿ ಅದರ ಕಾವನ್ನೇ ಕಳೆದಿವೆ. ಅದಕ್ಕಿಂತ ಮುಖ್ಯವಾದ ಆಕ್ಷೇಪ ಬೇರೆ. ಆಕ್ರೋಶದಲ್ಲಿ ಕೂಗು ಇದೆ, ಬೈಗುಳ ಇದೆ, ಆದರೆ ನಂಟು ಇಲ್ಲ. ಈ ಬರಹಗಳಲ್ಲಿ ಇರುವುದೆಲ್ಲ ನಂಟೇ.

ಅವರು ಏನು ಬರೆದಿದ್ದಾರೆಂದು ಹೇಳದೆ ಪದವನ್ನು ತೂಗಲಾಗದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಈ ಚಿತ್ರಕ್ಕೆ ಆಧಾರವಾದ ‘ಹಾಫ್ ಬ್ಲಡ್ ಪ್ರಿನ್ಸ್’ ಕಾದಂಬರಿ 2005ರಲ್ಲಿ ಬಂತು. ಚಿತ್ರ 2008ರ ನವೆಂಬರಿನಲ್ಲಿ ತೆರೆಕಾಣಬೇಕಿತ್ತು. ಅದನ್ನು 2009ರ ಜುಲೈಗೆ ಮುಂದೂಡಿದರು. ಅಸಮಾಧಾನದ ಮೊದಲ ಕಿಡಿ ಹೊತ್ತಿದ್ದು ಚಿತ್ರವನ್ನು ನೋಡುವ ಮೊದಲೇ. ಆಗ ಹೈಸ್ಕೂಲಿನಲ್ಲಿದ್ದು ಈಗ ಬನಶಂಕರಿಯಲ್ಲಿ ಪಾಠ ಹೇಳುತ್ತಿರುವ ಒಬ್ಬರು, ದೀಪಾವಳಿಯ ನಂತರ ಬರಬೇಕಿದ್ದದ್ದು ಮುಂದಿನ ಮಳೆಗಾಲಕ್ಕೆ ಹೋಯಿತು ಎಂದು ಇಷ್ಟು ವರ್ಷಗಳ ಮೇಲೂ ನೋವಿನಿಂದ ಬರೆದಿದ್ದಾರೆ.

ಚಿತ್ರ ಬಂದ ಮೇಲಿನ ದೂರುಗಳು ಇನ್ನೂ ನಿಖರ. ಕಾದಂಬರಿಯಲ್ಲಿ ಮಾಂತ್ರಿಕ ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ ಅವರು ಕಥೆಯ ಖಳನಾಯಕ ವೋಲ್ಡೆಮಾರ್ಟ್‌ನ ಹಿಂದಿನ ಬದುಕನ್ನು ನೆನಪುಗಳ ಮೂಲಕ ಒಂದೊಂದಾಗಿ ಹ್ಯಾರಿಗೆ ತೋರಿಸುತ್ತಾರೆ. ಅವನ ತಾಯಿ ಮೆರೋಪಿಯ ಮನೆ, ಅಲ್ಲಿನ ಬಡತನ, ಅಲ್ಲಿನ ಕ್ರೌರ್ಯ ಎಲ್ಲವೂ ಅದರಲ್ಲಿವೆ. ಚಿತ್ರದಲ್ಲಿ ಉಳಿದದ್ದು ಅನಾಥಾಲಯದ ನೆನಪು ಮತ್ತು ಶಿಕ್ಷಕ ಸ್ಲಗ್‌ಹಾರ್ನ್ ಮುಚ್ಚಿಟ್ಟ ನೆನಪು. ದುಷ್ಟನೊಬ್ಬ ಹೇಗೆ ರೂಪುಗೊಂಡ ಎಂಬ ಕಥೆಯೇ ಕಾದಂಬರಿಯ ಬೆನ್ನೆಲುಬು, ಅದನ್ನು ತೆಗೆದುಹಾಕಿ ಹದಿಹರೆಯದವರ ಪ್ರೇಮಪ್ರಸಂಗಗಳಿಗೆ ಜಾಗ ಕೊಟ್ಟರು ಎಂಬುದು ಹೆಚ್ಚಿನವರ ಕೊರಗು. ಇತ್ತ ಕಾದಂಬರಿಯಲ್ಲಿ ಇಲ್ಲದ ಒಂದು ದೃಶ್ಯ ಸೇರಿಕೊಂಡಿತು: ಕ್ರಿಸ್‌ಮಸ್ ಹೊತ್ತಿನಲ್ಲಿ ಹ್ಯಾರಿಯ ಗೆಳೆಯನ ಮನೆಯವರಾದ ವೀಸ್ಲಿ ಕುಟುಂಬದ ಮನೆ ಬೆಂಕಿಗೆ ಆಹುತಿಯಾಗುತ್ತದೆ. ಮುಂದಿನ ಚಿತ್ರದಲ್ಲಿ ಅದೇ ಮನೆಯ ಅಂಗಳದಲ್ಲಿ ಮದುವೆ ನಡೆಯುತ್ತದೆ. ಸುಟ್ಟ ಮನೆ ಮತ್ತೆ ಎದ್ದದ್ದು ಯಾವಾಗ ಎಂದು ಒಬ್ಬರಲ್ಲ, ಹಲವರು ಕೇಳಿದ್ದಾರೆ. ಕೊನೆಯಲ್ಲಿ ಶಾಲೆಯೊಳಗೆ ನಡೆಯಬೇಕಿದ್ದ ಕಾಳಗ ಇಲ್ಲ, ಡಂಬಲ್‌ಡೋರ್ ಅವರ ಅಂತ್ಯಸಂಸ್ಕಾರವೂ ಇಲ್ಲ. ಅದರ ಬದಲು ಎಲ್ಲರೂ ಮಂತ್ರದಂಡಗಳನ್ನು ಮೇಲೆತ್ತಿ ಬೆಳಕು ಚೆಲ್ಲುತ್ತಾರೆ. ಈ ಬದಲಾವಣೆಯನ್ನು ಕೆಲವರು ಮನಸಾರೆ ಮೆಚ್ಚಿದ್ದಾರೆ, ನಾನೂ ಆ ಪಂಗಡದವನೇ. ದೊಡ್ಡ ಕಾಳಗ ಕೊನೆಯ ಚಿತ್ರದಲ್ಲಿ ಹೇಗೂ ಬರುವುದಿದ್ದಾಗ ಎರಡು ಸಲ ಏಕೆ?

ಅತ್ಯಂತ ಬಿಸಿಯಾದ ಚರ್ಚೆ, ಶಿಕ್ಷಕ ಸ್ನೇಪ್ ಡಂಬಲ್‌ಡೋರ್ ಅವರನ್ನು ಕೊಲ್ಲುವ ಗೋಪುರದ ದೃಶ್ಯದ್ದು. ಕಾದಂಬರಿಯಲ್ಲಿ ಡಂಬಲ್‌ಡೋರ್ ಅವರು ಮಂತ್ರದಿಂದ ಹ್ಯಾರಿಯನ್ನು ಅಲುಗಾಡದಂತೆ ಮಾಡುತ್ತಾರೆ. ಅದೃಶ್ಯದ ನಿಲುವಂಗಿಯಡಿ ಅವನು ಅಸಹಾಯಕನಾಗಿ ಎಲ್ಲವನ್ನೂ ನೋಡುತ್ತಾನೆ. ಚಿತ್ರದಲ್ಲಿ ಮಂತ್ರವಿಲ್ಲ. ಹ್ಯಾರಿ ಕೆಳಗಿನ ಅಂತಸ್ತಿನಲ್ಲಿ ನಿಂತಿರುತ್ತಾನೆ, ಸ್ನೇಪ್ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಲು ಸೂಚಿಸುತ್ತಾನೆ, ಹ್ಯಾರಿ ಸುಮ್ಮನಿರುತ್ತಾನೆ. ‘ನಮ್ಮ ಹ್ಯಾರಿ ಹಾಗೆ ನಿಲ್ಲುವವನಲ್ಲ’ ಎಂದು ಒಬ್ಬಾಕೆ ಬರೆದಿದ್ದಾರೆ. ಆ ‘ನಮ್ಮ’ ಎಂಬ ಮಾತನ್ನು ಗಮನಿಸಿ. ಇನ್ನೊಬ್ಬರ ಪ್ರಕಾರ ಇದೇ ಚಿತ್ರದ ಬಲ: ಸ್ನೇಪ್‌ನನ್ನು ನಂಬಿ ಒಂದು ಗಳಿಗೆ ತಡೆದದ್ದೇ ಹ್ಯಾರಿಯನ್ನು ಮುಂದೆ ಸುಡುತ್ತದೆ. ಎರಡೂ ಕಡೆಯವರು ಚಿತ್ರವನ್ನು ಮತ್ತೆ ಮತ್ತೆ ನೋಡಿದವರು. ಇಬ್ಬರೂ ಬ್ರೂನೋ ಡೆಲ್‌ಬೊನೆಲ್ ಅವರ ಛಾಯಾಗ್ರಹಣವನ್ನು ಹೊಗಳುತ್ತಾರೆ. ಆಸ್ಕರ್ ಛಾಯಾಗ್ರಹಣ ವಿಭಾಗಕ್ಕೆ ನಾಮನಿರ್ದೇಶನ ಪಡೆದದ್ದು ಈ ಸರಣಿಯಲ್ಲಿ ಇದೊಂದೇ ಚಿತ್ರ.

ಇನ್ನು ಶೀರ್ಷಿಕೆಯ ದೂರು. ಇದು ನಮ್ಮ ಬಳಗಕ್ಕೆ ನೇರವಾಗಿ ಸೇರಿದ ವಿಷಯವಾದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ‘ಹಾಫ್ ಬ್ಲಡ್ ಪ್ರಿನ್ಸ್’ ಎಂಬುದು ಸ್ನೇಪ್ ತನಗೆ ತಾನೇ ಇಟ್ಟುಕೊಂಡ ಗುಟ್ಟಿನ ಹೆಸರು. ಪ್ರಿನ್ಸ್ ಎನ್ನುವುದು ಅವನ ತಾಯಿಯ ಮನೆತನದ ಹೆಸರು. ತಾಯಿ ಮಾಂತ್ರಿಕಳು, ತಂದೆ ಸಾಮಾನ್ಯ ಮನುಷ್ಯ. ಆದ್ದರಿಂದ ಅವನು ಅರೆರಕ್ತದವನು, ತಾಯಿಯ ಕಡೆಯಿಂದ ಪ್ರಿನ್ಸ್. ಚಿತ್ರದಲ್ಲಿ ಸ್ನೇಪ್ ‘ಅದು ನಾನೇ’ ಎಂದು ಹೇಳಿ ಹೊರಟುಹೋಗುತ್ತಾನೆ, ಹೆಸರಿನ ಹಿಂದಿನ ಕಥೆ ಬರುವುದೇ ಇಲ್ಲ. ಶೀರ್ಷಿಕೆಯ ಅರ್ಥವನ್ನೇ ಹೇಳದೆ ಚಿತ್ರ ಮುಗಿಸಿದರು ಎಂಬ ದೂರು ನ್ಯಾಯವಾದದ್ದು. ಇದನ್ನು ಕನ್ನಡದಲ್ಲಿ ಹೇಗೆ ಹೇಳುವುದು ಎಂಬ ಮಾತು ಗುಂಪಿನಲ್ಲಿ ಬಂದಾಗ ‘ಅರ್ಧರಕ್ತದ ರಾಜಕುಮಾರ’ ಎಂಬುದು ಎಲ್ಲರಿಗೂ ಮೊದಲು ಹೊಳೆದದ್ದು. ಅದರಲ್ಲಿ ಮನೆತನದ ಸುಳಿವು ಇಲ್ಲ. ಆದರೆ ನಮ್ಮಲ್ಲಿ ದೊರೆಯೂ ಆಗಬಲ್ಲ, ಹೆಸರಿನ ಕೊನೆಗೂ ಕೂರಬಲ್ಲ ಒಂದು ಪದ ಇದ್ದೇ ಇದೆ: ಅರಸು. ದೇವರಾಜ ಅರಸು ಅವರ ನಾಡಿನಲ್ಲಿ ‘ಅರೆನೆತ್ತರ ಅರಸು’ ಎಂದರೆ ಪದದೊಳಗಿನ ಗುಟ್ಟು ಗುಟ್ಟಾಗಿಯೂ ಉಳಿಯುತ್ತದೆ, ಬಿಚ್ಚಿದಾಗ ಬೆಳಗುತ್ತದೆ. ಅರಸು ಎಂದರೆ ರಾಜ, ರಾಜಕುಮಾರನಲ್ಲ ಎಂದು ತಕರಾರು ತೆಗೆಯಬಹುದು. ಮನೆತನದ ಹೆಸರಾಗಿ ನಿಲ್ಲುವಾಗ ಆ ಅಂತರ ಮುಖ್ಯವಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಈ ಪದಗಳು ಇಷ್ಟು ತಡವಾಗಿ ಹುಡುಕಾಟಕ್ಕೆ ಬರಲು ಕಾರಣವಿದೆ. ಕನ್ನಡಕ್ಕೆ ಡಬ್ಬಿಂಗ್ ದಶಕಗಳ ಕಾಲ ಚಿತ್ರೋದ್ಯಮದ ತಡೆಯಲ್ಲಿ ಸಿಕ್ಕಿಕೊಂಡಿತ್ತು. ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಟ್ಟದ್ದು 2015ರಲ್ಲಿ. ಅಷ್ಟರಲ್ಲಿ ಸರಣಿ ಮುಗಿದೇ ನಾಲ್ಕು ವರ್ಷಗಳಾಗಿದ್ದವು. ಬೆಂಗಳೂರಿನ ಹುಡುಗರು ಎಂಟೂ ಚಿತ್ರಗಳನ್ನು ಇಂಗ್ಲಿಷಿನಲ್ಲಿ ನೋಡಿ, ಹೊರಬಂದು ಕನ್ನಡದಲ್ಲಿ ಜಗಳವಾಡಿದರು. ಭಾವ ಕನ್ನಡದ್ದು, ಹೆಸರುಗಳೆಲ್ಲ ಇಂಗ್ಲಿಷಿನವು.

ಈಗ ಮುನಿಸಿಗೆ ಬರೋಣ. ಬಸವಣ್ಣನವರ ‘ಕಳಬೇಡ ಕೊಲಬೇಡ’ ವಚನದ ‘ಮುನಿಯಬೇಡ’ ಎಲ್ಲರ ಬಾಯಲ್ಲಿದೆ. ಅಲ್ಲಿ ಮುನಿಯುವುದು ಎಂದರೆ ನೇರವಾದ ಕೋಪ. ‘ತನಗೆ ಮುನಿವರಿಗೆ ತಾ ಮುನಿಯಲೇಕಯ್ಯಾ’ ಎಂಬಲ್ಲಿಯೂ ಹಾಗೆಯೇ. ಮುಂದೆ ‘ತನುವಿನ ಕೋಪ’, ‘ಮನದ ಕೋಪ’ ಎಂದು ಅವರೇ ಬಿಡಿಸಿ ಹೇಳಿದ್ದಾರೆ. ತಮಿಳಿನ ‘ಮುನಿವು’ ಕೂಡ ಕೋಪವೇ. ಅಂದರೆ ಹಳೆಯ ಬಳಕೆಯಲ್ಲಿ ಈ ಧಾತುವಿಗೆ ಪ್ರೀತಿಯ ಸೋಂಕು ಕಡ್ಡಾಯವಲ್ಲ. ಇಂದಿನ ಬಳಕೆ ಬೇರೆ ದಿಕ್ಕಿಗೆ ತಿರುಗಿದೆ. ‘ಮುನಿದನು’ ಎಂಬ ಬರಿಯ ಕ್ರಿಯಾರೂಪ ಮಾತಿನಿಂದ ಹೆಚ್ಚುಕಡಿಮೆ ಮರೆಯಾಗಿ ‘ಮುನಿಸು’, ‘ಮುನಿಸಿಕೊಂಡನು’ ಉಳಿದಿವೆ. ದಾರಿಯಲ್ಲಿ ಅಪರಿಚಿತನೊಬ್ಬ ಕಾಲು ತುಳಿದರೆ ನಮಗೆ ಸಿಟ್ಟು ಬರುತ್ತದೆ, ಮುನಿಸು ಬರುವುದಿಲ್ಲ. ಮುನಿಸು ಬರಲು ಮೊದಲು ಒಡನಾಟ ಇರಬೇಕು.

ಇದಕ್ಕೆ ಅತ್ಯುತ್ತಮ ಸಾಕ್ಷಿ ನಮ್ಮ ರಾಜಕೀಯ ವರದಿಗಳು. ಮಂತ್ರಿಸ್ಥಾನ ಸಿಗದ ಆಡಳಿತ ಪಕ್ಷದ ಶಾಸಕರದು ‘ಮುನಿಸು’. ವಿರೋಧ ಪಕ್ಷದವರು ಅದೇ ಮುಖ್ಯಮಂತ್ರಿಯನ್ನು ಎಷ್ಟೇ ಕಟುವಾಗಿ ಟೀಕಿಸಿದರೂ ಅದು ‘ವಾಗ್ದಾಳಿ’, ‘ಆಕ್ರೋಶ’, ‘ಕಿಡಿ’. ಅದನ್ನು ಯಾವ ವರದಿಗಾರನೂ ಮುನಿಸು ಎನ್ನುವುದಿಲ್ಲ. ಪದಕೋಶ ನೋಡದೆಯೇ ಸುದ್ದಿಮನೆಯವರು ಇಷ್ಟು ಸೂಕ್ಷ್ಮವಾದ ಗೆರೆಯನ್ನು ದಿನವೂ ತಪ್ಪದೆ ಎಳೆಯುತ್ತಿದ್ದಾರೆ. ಮನೆಯೊಳಗಿನವರದು ಮುನಿಸು, ಹೊರಗಿನವರದು ಆಕ್ರೋಶ. ‘ವರುಣನ ಮುನಿಸು’ ಎಂಬ ಬಳಕೆಯಲ್ಲಿಯೂ ಇದೇ ತರ್ಕವಿದೆ: ಮಳೆರಾಯ ನಮ್ಮವನು, ಬರಬೇಕಾದವನು, ಬರಲಿಲ್ಲ.

ಅಭಿಮಾನಿಗಳು ಮನೆಯೊಳಗಿನವರೇ? ಹೌದೆಂದು ಆ ಪದವೇ ಹೇಳುತ್ತದೆ. ಅಭಿಮಾನಕ್ಕೆ ಮೂಲದಲ್ಲಿ ಇರುವ ಒಂದು ಅರ್ಥ ‘ಇದು ನನ್ನದು’ ಎಂಬ ಭಾವ. ಡಾ. ರಾಜ್‌ಕುಮಾರ್ ಅವರು ‘ಅಭಿಮಾನಿ ದೇವರುಗಳೇ’ ಎಂದು ಕೈಮುಗಿದಾಗಲೂ ಈ ಸಂಬಂಧವನ್ನೇ ಅತಿ ಎತ್ತರಕ್ಕೆ ಒಯ್ದರು. ಕಟೌಟಿಗೆ ಹಾಲೆರೆಯುವವನನ್ನು ಮಾತ್ರ ಅಭಿಮಾನಿ ಎನ್ನುವ ರೂಢಿ ಬೆಳೆದದ್ದರಿಂದ, ಪುಟ ತಿರುವಿ ಹೋಲಿಸಿ ಆಕ್ಷೇಪಿಸುವವನಿಗೆ ಬೇರೆ ಪದ ಬೇಕೆಂದು ನಮ್ಮ ಗುಂಪಿನ ಕೆಲವರು ವಾದಿಸಿದರು. ‘ರಸಿಕ’, ‘ಸಹೃದಯ’ ಎಂಬ ಸಲಹೆಗಳು ಬಂದವು. ನನಗೆ ಬೇಡವೆನ್ನಿಸುತ್ತದೆ. ಸಹೃದಯನು ಕೃತಿಯನ್ನು ಸವಿಯುತ್ತಾನೆ, ಅದು ತನ್ನದೆಂದು ಹಕ್ಕು ಸಾಧಿಸುವುದಿಲ್ಲ. ‘ನಮ್ಮ ಹ್ಯಾರಿ ಹಾಗೆ ನಿಲ್ಲುವವನಲ್ಲ’ ಎನ್ನುವವಳು ಹಕ್ಕು ಸಾಧಿಸುತ್ತಿದ್ದಾಳೆ. ಅವಳು ಅಭಿಮಾನಿಯೇ, ಅವಳದು ಮುನಿಸೇ.

ಈಗ ತೊಡಕುಗಳು. ಮೊದಲನೆಯದು, ಮುನಿಸು ವ್ಯಕ್ತಿಯ ಮೇಲೆ ಬರುತ್ತದೆ, ವಸ್ತುವಿನ ಮೇಲೆ ಬರುವುದು ವಿರಳ. ‘ನಿರ್ದೇಶಕ ಡೇವಿಡ್ ಯೇಟ್ಸ್ ಅವರ ಮೇಲೆ ಅಭಿಮಾನಿಗಳ ಮುನಿಸು’ ಎಂದರೆ ಕಿವಿಗೆ ಹಿತ. ‘ಆರನೆಯ ಚಿತ್ರದ ಮೇಲೆ ಮುನಿಸು’ ಎಂದರೆ? ನನ್ನ ಕಿವಿ ಅರ್ಧ ಒಪ್ಪುತ್ತದೆ. ಕೆಲವರು ಓದಿಗೂ, ಊರಿಗೂ ಮುನಿಸಿಕೊಳ್ಳುವ ಹಾಗೆ ಬರೆದದ್ದನ್ನು ಕಂಡಿದ್ದೇನೆ, ಅದು ಕಾವ್ಯದ ಸಲುಗೆ. ಗದ್ಯದಲ್ಲಿ ಸಲ್ಲುತ್ತದೆಯೇ?

ಎರಡನೆಯದು ಇನ್ನೂ ಗಹನವಾದದ್ದು. ಮುನಿಸಿಗೆ ಸಮಾಧಾನದ ನಿರೀಕ್ಷೆ ಇರುತ್ತದೆ. ಮುನಿಸಿಕೊಂಡವರನ್ನು ಯಾರಾದರೂ ಓಲೈಸಬೇಕು, ರಮಿಸಬೇಕು. ಆರನೆಯ ಚಿತ್ರದ ಹೊತ್ತಿಗೆ ಅದಕ್ಕೆ ಅವಕಾಶವಿತ್ತು, ಏಕೆಂದರೆ 2010 ಮತ್ತು 2011ರಲ್ಲಿ ಕೊನೆಯ ಕಾದಂಬರಿಯನ್ನು ಆಧರಿಸಿದ ಎರಡು ಚಿತ್ರಗಳು ಬರುವುದಿದ್ದವು. ಕೊನೆಯ ಚಿತ್ರದಲ್ಲಿ ಸ್ನೇಪ್‌ನ ನೆನಪುಗಳ ಭಾಗವನ್ನು ನೋಡಿ ತಮ್ಮ ಮುನಿಸು ಕರಗಿತೆಂದು ನಮ್ಮ ಗುಂಪಿನ ಹಲವರು ಬರೆದಿದ್ದಾರೆ. ಕರಗದವರೂ ಇದ್ದಾರೆ. ಸರಣಿ ಮುಗಿದುಹೋಗಿದೆ, ಇನ್ನು ಓಲೈಸುವವರಿಲ್ಲ. ಅಂಥವರ ಇಂದಿನ ಭಾವಕ್ಕೆ ‘ಮುನಿಸು’ ಎನ್ನಬಹುದೇ, ಅಥವಾ ಅದು ‘ಕೊರಗು’ ಆಗಿ ಮಾರ್ಪಟ್ಟಿದೆಯೇ? ನನಗೆ ಎರಡನೆಯದೇ ಸರಿಯೆಂದು ತೋರುತ್ತದೆ. ಹಾಗಾದರೆ ಸರಣಿಯ ನಡುವಿನ ಭಾಗಗಳ ಮೇಲೆ ಮುನಿಸು, ಕಡೆಯ ಭಾಗದ ಬಗ್ಗೆ ಕೊರಗು ಎಂಬ ವಿಂಗಡಣೆ ತಾನಾಗಿಯೇ ಸಿದ್ಧವಾಗುತ್ತದೆ.

ಬೇರೆ ಪದಗಳನ್ನೂ ನೋಡಿದ್ದೇನೆ. ‘ಅಸಮಾಧಾನ’ ಕಚೇರಿಯ ಟಿಪ್ಪಣಿಗೆ ಸಾಕು. ‘ನಿಂದಾಸ್ತುತಿ’ಯಲ್ಲಿ ಬೈಗುಳ ಬಾಯಲ್ಲಿ ಮಾತ್ರ, ಒಳಗೆಲ್ಲ ಸ್ತುತಿ. ನಮ್ಮವರು ಬೈಗುಳವನ್ನೂ ಮನಸಾರೆ ಬೈದಿದ್ದಾರೆ. ಕೋಪ ಎಂಬ ಅರ್ಥದ ‘ಕಿನಿಸು’ ಚೆಂದದ ಹಳೆಯ ಪದ, ಆದರೆ ಇಂದಿನ ಓದುಗರಿಗೆ ಅಡಿಟಿಪ್ಪಣಿ ಬೇಕಾದೀತು. ‘ಸೆಡವು’ ಹತ್ತಿರ ಬರುತ್ತದೆ, ಆದರೆ ನನ್ನ ಕಿವಿಗೆ ಅದರಲ್ಲಿ ಪ್ರೀತಿಗಿಂತ ಹಟ ಹೆಚ್ಚಾಗಿ ಕೇಳಿಸುತ್ತದೆ. ನಮ್ಮ ಗುಂಪಿನ ತೆಲುಗು ಮನೆಮಾತಿನವರೊಬ್ಬರು ‘ಅಲಕ’ವನ್ನೂ, ತಮಿಳಿನವರು ತಿರುಕ್ಕುರಳಿನ ಕೊನೆಯ ಅಧಿಕಾರದ ‘ಊಡಲ್’ ಅನ್ನೂ ನೆನಪಿಸಿದರು. ಎರಡೂ ಒಲಿದವರ ನಡುವಿನ ಕೋಪ. ನಮಗೆ ಆ ಜಾಗದಲ್ಲಿ ಮುನಿಸು ಇದೆ, ಹುಸಿಮುನಿಸು ಇದೆ.

ಪುಸ್ತಿಕೆಯಲ್ಲಿ ‘ಭಾಗ’ ಎಂದು ಬರೆಯಬೇಕೋ ‘ಕಂತು’ ಎಂದೋ ಎಂಬ ಪ್ರಶ್ನೆಯೂ ಎದ್ದಿತ್ತು. ಕಂತು ಧಾರಾವಾಹಿಗೂ ಸಾಲಕ್ಕೂ ಇರಲಿ, ಚಿತ್ರಕ್ಕೆ ಭಾಗ ಎಂದು ತೀರ್ಮಾನಿಸಿದ್ದೇವೆ. ಅದರ ಬಗ್ಗೆ ಚರ್ಚೆ ಬೇಡ.

ನನ್ನ ಕೋರಿಕೆ ಇಷ್ಟು. ‘ಚಿತ್ರದ ಮೇಲೆ ಮುನಿಸು’ ಎಂಬ ಮಾತು ನಿಮ್ಮ ಕಡೆ ಸಹಜವೇ? ನಿರ್ಜೀವ ವಸ್ತುವಿನ ಮೇಲೆ ಮುನಿಸಿಕೊಳ್ಳುವ ಗದ್ಯಪ್ರಯೋಗ ಎಲ್ಲಾದರೂ ಕಂಡಿದ್ದರೆ ವಾಕ್ಯವನ್ನು ಪೂರ್ತಿಯಾಗಿ ಬರೆದು ಕಳುಹಿಸಿ. ವಚನಗಳಲ್ಲಿ ‘ಅವರಿಗೆ ಮುನಿ’ ಎಂದು ಚತುರ್ಥಿ ವಿಭಕ್ತಿ (‘ಗೆ’ ಪ್ರತ್ಯಯ) ಬರುತ್ತದೆ, ಇಂದು ‘ಅವರ ಮೇಲೆ ಮುನಿಸು’ ಎನ್ನುತ್ತೇವೆ. ಚತುರ್ಥಿಯ ಬಳಕೆ ಈಗಲೂ ಉಳಿದಿರುವ ಊರು ಯಾವುದಾದರೂ ಇದ್ದರೆ ತಿಳಿಸಿ. ಹಾಗೆಯೇ ‘ಸೆಡವು’ ಮನೆಮಾತಿನಲ್ಲಿ ಬಳಕೆಯಾಗುವ ಕಡೆಯವರು ಅದನ್ನು ಮಕ್ಕಳಿಗೆ ಹೇಳುತ್ತೀರೋ ದೊಡ್ಡವರಿಗೂ ಹೇಳುತ್ತೀರೋ ಎಂಬುದನ್ನು ಬರೆಯಿರಿ. ದೊಡ್ಡವರಿಗೂ ಸಲ್ಲುವುದಾದರೆ ಹಟಮಾರಿ ಅಭಿಮಾನಿಗಳ ಬರಹಗಳಿಗೆ ಆ ಪದವನ್ನೇ ಉಪಶೀರ್ಷಿಕೆಯಾಗಿ ಇಡುವ ಆಸೆ ನನಗಿದೆ.