ಸಹಾಯ ಬೇಕು: ಎಲೆಕ್ಟ್ರಾನ್ ಗ್ರಾಫ್ ಓದಲು ಗೊತ್ತಿರುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮೂರು ವಿರಾಜಪೇಟೆ ಹತ್ತಿರ. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಸಬ್‌ಸ್ಟಾರ್ಮ್ ವಿಷಯ ತಗೊಂಡಿದ್ದೇನೆ. ಭೂಮಿಯ ಕಾಂತಗೋಳದ (ಭೂಮಿಯ ಕಾಂತಕ್ಷೇತ್ರ ಹರಡಿರುವ ಜಾಗ) ಬಾಲದಲ್ಲಿ, ಅಂದರೆ ಸೂರ್ಯನಿಂದ ಆಚೆಗೆ ಚಾಚಿದ ಭಾಗದಲ್ಲಿ, ಶಕ್ತಿ ತುಂಬಿ ತುಂಬಿ ಒಮ್ಮೆಲೇ ಬಿಡುಗಡೆಯಾಗುತ್ತದಲ್ವಾ, ಅದೇ.

2007ರಲ್ಲಿ ಹಾರಿಸಿದ ನಾಸಾದ ಥೆಮಿಸ್ ಉಪಗ್ರಹಗಳ (ಸಬ್‌ಸ್ಟಾರ್ಮ್ ಅಧ್ಯಯನಕ್ಕೆ ಕಳಿಸಿದ್ದು) ಡೇಟಾ ಇಳಿಸಿಕೊಂಡೆ. ಸುಮ್ನೆ ಆಗಲಿಲ್ಲ. ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದು ಎರಡು ದಿನ ಕರೆಂಟಿಲ್ಲ, ನಾಲ್ಕನೇ ಸಲಕ್ಕೆ ಫೈಲು ಪೂರ್ತಿ ಬಂತು!

ಪ್ಲಾಸ್ಮಾ (ವಿದ್ಯುದಾವೇಶದ ಕಣಗಳ ಅನಿಲ) ಹರಿವು ಅರ್ಥವಾಯಿತು. ವೇಗ ಸೆಕೆಂಡಿಗೆ 400 ಕಿ.ಮೀ. ದಾಟಿದರೆ ಅದು ‘ಬರ್ಸ್ಟಿ ಬಲ್ಕ್ ಫ್ಲೋ’, ಅಂದರೆ ಬಿಟ್ಟು ಬಿಟ್ಟು ರಭಸವಾಗಿ ನುಗ್ಗುವ ಹರಿವು. ತಲೆ ಕೆಟ್ಟಿದ್ದು ಎಲೆಕ್ಟ್ರಾನ್‌ಗಳಲ್ಲಿ. ಸಬ್‌ಸ್ಟಾರ್ಮ್ ಹೊತ್ತಲ್ಲಿ ಇವು ಒಮ್ಮೆಲೇ ಭೂಮಿಯ ಕಡೆ ಚಿಮ್ಮುತ್ತವೆ; ಗ್ರಾಫಿನಲ್ಲಿ ಒಂದೊಂದು ಶಕ್ತಿಗೆ ಒಂದೊಂದು ಗೆರೆ. ಒಂದು ಉಪಗ್ರಹದ ಗ್ರಾಫಿನಲ್ಲಿ ಎಲ್ಲ ಗೆರೆಗಳೂ ಒಟ್ಟಿಗೇ ಜಿಗಿದಿವೆ. ಇನ್ನೊಂದು ಉಪಗ್ರಹದ ಗ್ರಾಫಿನಲ್ಲಿ ಜಾಸ್ತಿ ಶಕ್ತಿಯವು ಮೊದಲು, ಕಡಿಮೆಯವು ಆಮೇಲೆ, ಮೆಟ್ಟಿಲಿನ ಹಾಗೆ. ಜಾಸ್ತಿ ಶಕ್ತಿಯ ಎಲೆಕ್ಟ್ರಾನ್ ಭೂಮಿಯ ಸುತ್ತ ಪೂರ್ವಕ್ಕೆ ಬೇಗ ಸುತ್ತುತ್ತದೆ, ಹಾಗಾಗಿ ಎರಡನೆಯ ಉಪಗ್ರಹ ಚಿಮ್ಮಿದ ಜಾಗದಿಂದ ದೂರವಿತ್ತು ಅಂತ ನನ್ನ ಲೆಕ್ಕ. ಸರಿನಾ?

ಆ ಮೆಟ್ಟಿಲಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಚಿಮ್ಮಿದ ಹೊತ್ತು ತೆಗೆಯುವುದು ಹೇಗೆ? ಪೈಥಾನ್‌ನಲ್ಲಿ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಸಂಜೆ ಕಾಫಿ ಕಣದ ಹತ್ತಿರ ಸಿಗ್ನಲ್ ಸಿಗುತ್ತದೆ, ಆಗ ನೋಡುತ್ತೇನೆ.