ರಾಜ್ಯ ಬದಲಿಸಿದ ಮೇಲೆ ಫಾರ್ಮಸಿ ಟೆಕ್ನಿಷಿಯನ್ ಪ್ರಮಾಣಪತ್ರ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ನಾನು ಬಿ.ಫಾರ್ಮ್ ಪದವೀಧರೆ. ನ್ಯೂಜೆರ್ಸಿಯಲ್ಲಿ ರಾಜ್ಯದ ನೋಂದಣಿ ಮಾತ್ರ ಮಾಡಿಸಿಕೊಂಡು ಟೆಕ್ನಿಷಿಯನ್ ಆಗಿ, ಅಂದರೆ ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್‌ಗೆ ಸಹಾಯಕಿಯಾಗಿ, ಎರಡು ವರ್ಷ ದುಡಿದೆ. ಯಜಮಾನರಿಗೆ ಟೆಕ್ಸಾಸ್‌ನ ಡಲ್ಲಾಸ್‌ಗೆ ವರ್ಗವಾಗಿದೆ. ಎಚ್-4 ಇಎಡಿ (ಗಂಡನ ವೀಸಾದ ಆಧಾರದ ಮೇಲೆ ಸಿಗುವ ಕೆಲಸದ ಅನುಮತಿ) ಕೈಯಲ್ಲಿದೆ. ಟೆಕ್ನಿಷಿಯನ್‌ಗಳಿಗೆ ರಾಷ್ಟ್ರಮಟ್ಟದ ಪ್ರಮಾಣಪತ್ರ ಕೊಡುವ ಪಿಟಿಸಿಬಿ ಮಂಡಳಿಯ ಪರೀಕ್ಷೆಯನ್ನು ಮೊದಲೇ ಬರೆಯಲೋ, ಪ್ರಮಾಣಪತ್ರವಿಲ್ಲದೆ ಟ್ರೈನಿಯಾಗಿ ಸೇರಿ ಆಮೇಲೆ ಬರೆಯಲೋ?

ಹ್ಯೂಸ್ಟನ್‌ನಿಂದ: ಟ್ರೈನಿಯಾಗಿಯೇ ಸೇರಿ. ನಾನು ಹಾಗೆಯೇ ಮಾಡಿದೆ, ಅದರ ಬಗ್ಗೆ ನನಗೆ ಹೆಮ್ಮೆಯೇ ಇದೆ. ಟೆಕ್ಸಾಸ್‌ನಲ್ಲಿ ಟ್ರೈನಿ ನೋಂದಣಿಗೆ ಎರಡು ವರ್ಷದ ಅವಧಿ, ನವೀಕರಣವಿಲ್ಲ. ಅಷ್ಟರೊಳಗೆ ಪ್ರಮಾಣಪತ್ರ ಕೈಸೇರಬೇಕು. ಆ ಗಡುವು ತಲೆಯ ಮೇಲಿದ್ದುದರಿಂದಲೇ ನಾನು ಓದಿದೆ. ಪರೀಕ್ಷೆಯ ಲೆಕ್ಕಗಳನ್ನು ಕಲಿಸಿದ್ದು ಪುಸ್ತಕವಲ್ಲ, ಗಿರಾಕಿಗಳು ಕಾರಿನಲ್ಲೇ ಕೂತು ಔಷಧ ಪಡೆಯುವ ಡ್ರೈವ್-ಥ್ರೂ ಕಿಟಕಿ. 10 ಮಿಲಿ ಯು-100 (ಮಿಲಿಗೆ 100 ಯೂನಿಟ್) ಇನ್ಸುಲಿನ್ ಸೀಸೆಯಲ್ಲಿರುವುದು 1000 ಯೂನಿಟ್. ದಿನಕ್ಕೆರಡು ಬಾರಿ 25 ಯೂನಿಟ್ ಚುಚ್ಚಿಕೊಳ್ಳುವವರಿಗೆ ಅದು 20 ದಿನಕ್ಕಷ್ಟೇ ಬರುತ್ತದೆ. ಔಷಧ ಎಷ್ಟು ದಿನಕ್ಕೆ ಬರುತ್ತದೆ ಎಂದು ಬರೆಯುವ ‘ಡೇಸ್ ಸಪ್ಲೈ’ ಎಂಬಲ್ಲಿ ಯಾರೋ 30 ಎಂದು ಹಾಕಿದ್ದರೆ, ಮುಂದಿನ ಸೀಸೆಗೆ ವಿಮೆಯವರಿಗೆ ಕಳಿಸಿದ ಕ್ಲೇಮ್ ‘ರೀಫಿಲ್ ಟೂ ಸೂನ್’ (ಇನ್ನೂ ಸಮಯವಾಗಿಲ್ಲ) ಎಂದು ವಾಪಸಾಗುತ್ತದೆ, ಬೈಗುಳ ತಿನ್ನುವುದು ಕಿಟಕಿಯಲ್ಲಿ ನಿಂತಿರುವ ನಾವು.

ಕ್ಯಾಲಿಫೋರ್ನಿಯಾದಿಂದ: ಟೆಕ್ಸಾಸ್‌ನ ಕಥೆಯನ್ನು ಇಡೀ ಅಮೆರಿಕದ ಕಥೆಯೆಂಬಂತೆ ಹೇಳಬೇಡಿ. ಇಲ್ಲಿ ಲೈಸೆನ್ಸ್ ಇಲ್ಲದವರು ಕ್ಲರ್ಕ್ ಆಗಿ ಕಂಪ್ಯೂಟರ್ ಮುಂದೆ ಕೂರಬಹುದು, ಮಾತ್ರೆ ಎಣಿಸುವಂತಿಲ್ಲ. ಖರ್ಚಿನ ಮಾತಿಗೆ ಬಂದರೆ, ಪರೀಕ್ಷೆಯ 129 ಡಾಲರ್ ಬರಿಯ ಮುನ್ನುಡಿ. ನಮ್ಮ ಪಿಯುಸಿ ಅಂಕಪಟ್ಟಿ ಇಲ್ಲಿನ ಹೈಸ್ಕೂಲಿಗೆ ಸಮ ಎಂದು ಮೌಲ್ಯಮಾಪನ ಸಂಸ್ಥೆಯೊಂದರಿಂದ ಬರೆಸಬೇಕಾಯಿತು, ಅದಕ್ಕೊಂದು ಶುಲ್ಕ. ಬೆರಳಚ್ಚಿನ ಲೈವ್ ಸ್ಕ್ಯಾನ್‌ಗೆ ಇನ್ನೊಂದು. ಆರೋಗ್ಯ ವೃತ್ತಿಯವರ ಮೇಲಿನ ಶಿಸ್ತುಕ್ರಮಗಳ ದಾಖಲೆ ಇಡುವ ನ್ಯಾಷನಲ್ ಪ್ರಾಕ್ಟಿಷನರ್ ಡೇಟಾ ಬ್ಯಾಂಕ್‌ನಿಂದ ನಮ್ಮ ಬಗ್ಗೆ ನಾವೇ ತರಿಸಿಕೊಡುವ ವರದಿಗೆ ಮತ್ತೊಂದು. ಲೈಸೆನ್ಸ್ ಅರ್ಜಿಗೆ ಬೇರೆ. ಇವೆಲ್ಲಕ್ಕೂ ಮೊದಲು ಖಾಸಗಿ ತರಬೇತಿ ಶಾಲೆಯೊಂದಕ್ಕೆ ಸುರಿದ ಹಣ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ: ಉದ್ಯೋಗ ಕೊಡಿಸುತ್ತೇವೆ ಎಂದವರು ಕೊನೆಗೆ ಕೊಟ್ಟಿದ್ದು ಅಂಗಡಿಗಳ ವಿಳಾಸಗಳಿದ್ದ ಒಂದು ಹಾಳೆ.

ಷಿಕಾಗೋದಿಂದ: ನಾಲ್ಕು ವರ್ಷ ಫಾರ್ಮಕಾಲಜಿ ಓದಿದವರು ಟೆಕ್ನಿಷಿಯನ್ ಹುದ್ದೆಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ನೋಡಿದರೆ ಬೇಸರವಾಗುತ್ತದೆ. ನಾನು ಬೆಂಗಳೂರಿನಲ್ಲಿ ಬಿ.ಫಾರ್ಮ್ ಮುಗಿಸಿ ಬಂದು, ವಿದೇಶದಲ್ಲಿ ಫಾರ್ಮಸಿ ಓದಿದವರಿಗಿರುವ ಎಫ್‌ಪಿಜಿಇಇ ಪರೀಕ್ಷೆ ಬರೆದು, ಇಂಗ್ಲಿಷ್‌ನ ಟೋಫೆಲ್ ದಾಟಿ, ಇಂಟರ್ನ್ ಆಗಿ ದುಡಿದು ಫಾರ್ಮಸಿಸ್ಟ್ ಆದವನು. ಮನಸ್ಸು ಮಾಡಿದರೆ ಆಗುತ್ತದೆ.

ಹ್ಯೂಸ್ಟನ್‌ನಿಂದ: ಸರ್, ತಾವು ಪದವಿ ಪಡೆದದ್ದು ಯಾವ ಇಸವಿಯಲ್ಲಿ? 2003ರ ಜನವರಿ 1ರಿಂದೀಚೆಗೆ ಪದವಿ ಪಡೆದವರು ಎಫ್‌ಪಿಜಿಇಇಗೆ ಕೂರಬೇಕಾದರೆ ಐದು ವರ್ಷದ ಪಠ್ಯಕ್ರಮ ಓದಿರಬೇಕು, ನಮ್ಮ ಬಿ.ಫಾರ್ಮ್ ನಾಲ್ಕೇ ವರ್ಷದ್ದು. ಬಾಗಿಲು ಮುಚ್ಚುವ ಮೊದಲು ಒಳಹೊಕ್ಕವರು, ಹೊರಗೆ ನಿಂತವರಿಗೆ ಮನಸ್ಸು ಮಾಡಿ ಎಂದು ಉಪದೇಶಿಸುವುದು ಸರಿಯಲ್ಲ.

ಷಿಕಾಗೋದಿಂದ: 1998ರಲ್ಲಿ. ನಿಯಮ ಮಾಡಿದ್ದು ನಾನಲ್ಲ. ಭಾರತದಲ್ಲೇ 2008ರಿಂದ ಆರು ವರ್ಷದ ಫಾರ್ಮ್.ಡಿ ಇದೆ, ಅದನ್ನು ಓದಿ ಬರಬಹುದಿತ್ತು.

ಕ್ಯಾಲಿಫೋರ್ನಿಯಾದಿಂದ: ಮದುವೆಯಾಗಿ, ಎರಡು ಮಕ್ಕಳಾದ ಮೇಲೆ ವಾಪಸು ಹೋಗಿ ಆರು ವರ್ಷ ಓದಬೇಕೇ? ತಮ್ಮ ಕೌಂಟರಿನ ಹಿಂದೆ ತುರಿಕೆಗೆ ಕೊಡುವ ಹೈಡ್ರಾಕ್ಸಿಝೀನ್ ಬದಲು ರಕ್ತದೊತ್ತಡಕ್ಕೆ ಕೊಡುವ ಹೈಡ್ರಲಝೀನ್ ಡಬ್ಬಿ ಕೈಗೆ ಬಂದದ್ದನ್ನು ಮೊದಲು ಗಮನಿಸುವವರು ಯಾರು ಎಂಬುದನ್ನು ಒಂದು ದಿನ ನಿಂತು ನೋಡಿ, ಆಮೇಲೆ ಬೇಸರಪಟ್ಟುಕೊಳ್ಳಿ.

ಆಸ್ಟಿನ್‌ನಿಂದ: ಜಗಳದ ನಡುವೆ ಕೇಳಿದ ಪ್ರಶ್ನೆಯೇ ಮೂಲೆಗೆ ಬಿದ್ದಿದೆ. ತಂಗಿ, ನ್ಯೂಜೆರ್ಸಿಯ ನೋಂದಣಿ ಇಲ್ಲಿ ನಡೆಯದು, ಆದರೆ ಅಲ್ಲಿ ದುಡಿದ ಗಂಟೆಗಳು ವ್ಯರ್ಥವಲ್ಲ. ಪಿಟಿಸಿಬಿ ಮಾನ್ಯ ಮಾಡಿದ ತರಬೇತಿ ಇಲ್ಲದವರು 500 ಗಂಟೆಗಳ ಕೆಲಸದ ಅನುಭವ ತೋರಿಸಿ ಪರೀಕ್ಷೆಗೆ ಕೂರಬಹುದು. ಹಳೆಯ ಅಂಗಡಿಯಲ್ಲಿ ಅದನ್ನು ದೃಢೀಕರಿಸುವವರು ಬದಲಾಗಿಬಿಡುವ ಮೊದಲು ಪತ್ರ ತರಿಸಿಕೊಳ್ಳಿ. ತೇರ್ಗಡೆಯಾದರೆ ಟ್ರೈನಿ ಹಂತವೇ ಬೇಡ, ನೇರ ಟೆಕ್ನಿಷಿಯನ್ ನೋಂದಣಿಗೆ ಅರ್ಜಿ ಹಾಕಬಹುದು. ಪ್ರಮಾಣಪತ್ರ ಯಾವ ರಾಜ್ಯಕ್ಕೆ ಹೋದರೂ ನಿಮ್ಮೊಂದಿಗೆ ಬರುತ್ತದೆ, ರಾಜ್ಯದ ನೋಂದಣಿ ಬರುವುದಿಲ್ಲ. ಇನ್ನೊಂದು ಮಾತು: ಅರ್ಜಿಯಲ್ಲಿನ ಹೆಸರು ಗುರುತಿನ ಚೀಟಿಗೆ ತಾಳೆಯಾಗಬೇಕು. ಅಂಕಪಟ್ಟಿಯಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಡ್ರೈವಿಂಗ್ ಲೈಸೆನ್ಸಿನಲ್ಲಿ ಗಂಡನ ಹೆಸರು ಎಂಬ ನಮ್ಮ ಪದ್ಧತಿ ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ನಡೆಯುವುದಿಲ್ಲ.

ಹ್ಯೂಸ್ಟನ್‌ನಿಂದ: ನೇರ ನೋಂದಣಿ ಸರಿ, ಆದರೆ ಪ್ರಮಾಣಪತ್ರ ಬರುವವರೆಗೆ ಸಂಬಳ ಯಾರು ಕೊಡುತ್ತಾರೆ? ಟ್ರೈನಿಯಾದರೆ ಮೊದಲ ವಾರದಿಂದಲೇ ಕೈಗೆ ದುಡ್ಡು ಬರುತ್ತದೆ. ಅದನ್ನೂ ಬರೆಯಿರಿ, ಅಕ್ಕ.

ಆಸ್ಟಿನ್‌ನಿಂದ: ಬರೆದೆನೆಂದೇ ತಿಳಿಯಿರಿ. ಅವರ ಇಎಡಿ ಯಾವಾಗ ಮುಗಿಯುತ್ತದೆ ಎಂದು ನೀವಾಗಲಿ ನಾನಾಗಲಿ ಇನ್ನೂ ಕೇಳಿಲ್ಲ. ತಂಗಿ, ಅದರ ದಿನಾಂಕ ತಿಳಿಸಿ.